ದಾರಂದಕ್ಕೆ ಸಲಾಂ ಹೇಳುವ ಮಾಮ

ನನ್ನ ಮಾಮ ಯಾರ ಮನೆಗೆ ಹೋದರೂ ಮೊದಲ ಸಲಾಂ ಮನೆಯವರಿಗಲ್ಲ, ಮನೆಯ ದಾರಂದಕ್ಕೆ! ಉಮ್ಮನ, ಎಂದರೆ ನನ್ನ ತಾಯಿಯ, ದೊಡ್ಡ ಅಣ್ಣ ಅವರು. ವಯಸ್ಸಿನ ಗೌರವಕ್ಕೆ ಯಾರೂ ಎದುರು ಮಾತಾಡುವುದಿಲ್ಲ, ಅದೇ ತೊಂದರೆಯಾಗಿರುವುದು.

ದಾರಂದ ಎಂದರೆ ಗೊತ್ತಲ್ಲ? ಬಾಗಿಲನ್ನು ಹಿಡಿದು ನಿಲ್ಲಿಸುವ ಮರ. ಘಟ್ಟದ ಮೇಲಿನವರು ಚೌಕಟ್ಟು ಎಂದು ಹೇಳಿ ಮುಗಿಸಿಬಿಡುತ್ತಾರೆ. ನಮ್ಮ ಪುತ್ತೂರು, ಸುಳ್ಯ, ಕಡಬದ ಕಡೆ ಅಷ್ಟಕ್ಕೇ ಮುಗಿಯುವ ವಿಷಯವಲ್ಲ ಅದು. ಇಲ್ಲಿ ಯಾವ ಜಾತಿಯವರೇ ಮನೆ ಕಟ್ಟಲಿ, ದಾರಂದ ಇಡುವ ದಿನ ಹತ್ತಿರದವರನ್ನು ಕರೆದು, ಬಾಯಿ ಸಿಹಿ ಮಾಡಿಯೇ ಇಡುವುದು. ಗೋಡೆಗೆ ಬಾರದ ನೆಂಟರು ದಾರಂದಕ್ಕೆ ಬರುತ್ತಾರೆ. ಬಂದವರು ಮರ ನೋಡುತ್ತಾರೆ, ಮನಸ್ಸಿನಲ್ಲೇ ಮನೆಯವರನ್ನು ಅಳೆಯುತ್ತಾರೆ, ಬಾಯಲ್ಲಿ ಮಾತ್ರ ಚಂದ ಉಂಟು ಎನ್ನುತ್ತಾರೆ.

ನಮ್ಮ ಮಾಮನಿಗೆ ಈ ಮನಸ್ಸು ಬೇರೆ ಬಾಯಿ ಬೇರೆ ಎನ್ನುವ ಏರ್ಪಾಡು ಇಲ್ಲ. ಪುತ್ತೂರಿನ ಒಂದು ಮರದ ಮಿಲ್ಲಿನಲ್ಲಿ ಜೀವಮಾನ ಕಳೆದವರು ಅವರು. ಚಪ್ಪಲಿ ಕಳಚಿ ಸಿಟೌಟಿಗೆ (ಎದುರಿನ ಜಗಲಿಗೆ) ಹತ್ತಿದರೆ ಸರಿ, ಬಲಗೈಯ ನಡುಬೆರಳು ಮಡಚಿ, ಅದರ ಗೆಣ್ಣಿನಿಂದ ದಾರಂದಕ್ಕೆ ಒಂದು ಕುಟ್ಟು. ತಲೆ ಓರೆ ಮಾಡಿ ಕೇಳುವುದು. ಇನ್ನೊಂದು ಕುಟ್ಟು. ಆಮೇಲೆ ತೀರ್ಪು. "ಹೆಬ್ಬಲಸು. ಸರಿಯಾಗಿ ಒಣಗಿಸಲಿಲ್ಲ." "ಅಕೇಶಿಯ. ಪಾಲಿಶ್ ಹಾಕಿ ಸಾಗುವಾನಿ ಅಂತ ಕೊಟ್ಟಿದ್ದಾರೆ ನಿಮಗೆ." ಮನೆಯ ಯಜಮಾನ ಸಾಗುವಾನಿ ಎಂದು ಊರಿಗೆಲ್ಲ ಹೇಳಿಕೊಂಡು ಬಂದಿರುತ್ತಾನೆ. ಅವನ ಹೆಂಡತಿ ಶರಬತ್ತಿನ ಗ್ಲಾಸು ಹಿಡಿದು ಅಲ್ಲೇ ನಿಂತಿರುತ್ತಾಳೆ. ಆ ಶರಬತ್ತು ಮಾಮನ ಕೈಗೆ ಬರುತ್ತದೆಯೋ ವಾಪಸು ಒಳಗೆ ಹೋಗುತ್ತದೆಯೋ ಎಂದು ನಾವು ಹಿಂದೆ ನಿಂತು ಕಾಯಬೇಕು.

(ಇದನ್ನೆಲ್ಲ ಮಾಮ ಹೇಳುವುದು ಬ್ಯಾರಿ ಭಾಷೆಯಲ್ಲಿ. ನಿಮಗೋಸ್ಕರ ನಾನು ಕನ್ನಡ ಮಾಡಿ ಕೊಡುತ್ತಿದ್ದೇನೆ. ಮೂಲದಲ್ಲಿ ಇನ್ನೂ ಖಾರ ಉಂಟು.)

ಮಾಮನ ಲೆಕ್ಕದಲ್ಲಿ ಪ್ರಪಂಚದ ಮರಗಳೆಲ್ಲ ಎರಡೇ ಜಾತಿ. ಒಂದು ಕಿರಾಲುಬೋಗಿ, ಇನ್ನೊಂದು ಬಾಕಿ ಎಲ್ಲ. ಬೋಗಿ ಎಂದಾಗ ರೈಲು ನೆನಪಾದರೆ ನಿಮ್ಮ ತಪ್ಪಲ್ಲ. ಆದರೆ ಇದು ನಮ್ಮ ಪಶ್ಚಿಮ ಘಟ್ಟದ ಬುಡದ ಮರ. ನೆಟ್ಟಗೆ ಬೆಳೆದು ಆಕಾಶಕ್ಕೆ ಮುಟ್ಟುತ್ತದೆ, ಗರಗಸದ ಹಲ್ಲು ಮುರಿಯುತ್ತದೆ, ಗೆದ್ದಲು ಬಂದರೂ ಮೂಸಿ ನೋಡಿ ವಾಪಸು ಹೋಗುತ್ತದೆ. ಹಿಂದೆ ದೋಣಿಗೆ, ಸೇತುವೆಗೆ, ರೈಲು ಹಳಿಯ ಅಡಿಗೆ ಹಾಕಲು ಇದನ್ನೇ ಹುಡುಕಿಕೊಂಡು ಬರುತ್ತಿದ್ದರಂತೆ. ಹಾಗೆ ಬಂದು ಬಂದೇ ಈಗ ಬೋಗಿ ಎಂದರೆ ಹೊಸ ಹುಡುಗರಿಗೆ ರೈಲು ನೆನಪಾಗುವ ಹಾಗೆ ಆಯಿತು, ಮರ ಎಲ್ಲಿ ಉಳಿದಿದೆ?

ಬೇರೆ ದೇಶದವರಿಗೆ ಓಕ್ ಹೇಗೋ ನಮಗೆ ಬೋಗಿ ಹಾಗೆ ಎಂದು ಯಾರೋ ಒಮ್ಮೆ ಮಾಮನಿಗೆ ಹೇಳಿದ್ದರು. ಹೊಗಳಿಕೆ ಎಂದುಕೊಂಡೇ ಹೇಳಿದ್ದು, ಪಾಪ. ಮಾಮ ಅದನ್ನು ಅವಮಾನ ಎಂದು ತೆಗೆದುಕೊಂಡರು. "ಅವರು ಹೇಳ್ಬೇಕು, ನಮ್ಮ ಓಕ್ ನಿಮ್ಮ ಬೋಗಿಯ ಹಾಗೆ ಉಂಟು ಅಂತ. ನಾವ್ಯಾಕೆ ಹೇಳುದು?" ಅಂದಿನಿಂದ ಓಕ್ ಎಂಬ ಶಬ್ದ ಕಿವಿಗೆ ಬಿದ್ದರೆ ಮಾಮನಿಗೆ ಯಾರೋ ಜಗಳಕ್ಕೆ ಕರೆದಂತೆ.

ಮರ್ಕಂಜದಲ್ಲಿ ಅವರಿಗೆ ಒಬ್ಬರು ಗೌಡರು ಸ್ನೇಹಿತರಿದ್ದಾರೆ, ತೋಟ ಉಳ್ಳವರು. ಅವರು ಕಾಳುಮೆಣಸು ಹಬ್ಬಿಸಲಿಕ್ಕೆಂದು ಸಾಲಾಗಿ ಸಿಲ್ವರ್ ಓಕ್ ನೆಟ್ಟರು. ನೆಟ್ಟದ್ದು ದೊಡ್ಡದಲ್ಲ, ಮಾಮನನ್ನು ಕರೆದು ತೋರಿಸಿದರು ನೋಡಿ! ಮಾಮ ಒಂದೊಂದೇ ಮರವನ್ನು ಕುಟ್ಟುತ್ತ ತೋಟದ ತುದಿಯವರೆಗೆ ಹೋಗಿ, ಕುಟ್ಟುತ್ತ ವಾಪಸು ಬಂದು, ಇದರಲ್ಲಿ ಬೆಳ್ಳಿಯೂ ಇಲ್ಲ ಓಕೂ ಇಲ್ಲ, ಹೆಸರಿಟ್ಟವನನ್ನು ಮೊದಲು ಕರೆಸಿ ಎಂದರು. ಅದು ಆಸ್ಟ್ರೇಲಿಯದ ಮರ ಬ್ಯಾರಿಗಳೇ, ಹೆಸರಿಟ್ಟವನನ್ನು ಎಲ್ಲಿಂದ ಕರೆಸುವುದು ಎಂದು ಗೌಡರು ನಕ್ಕರು. ಹಾಗಾದರೆ ಮರವನ್ನೇ ಅಲ್ಲಿಗೆ ಕಳಿಸಿ ಎಂದು ಮಾಮ ಹೊರಟೇ ಬಂದರು. ಬರುವಾಗ ಗೌಡರು ಕೊಟ್ಟ ಬಾಳೆಗೊನೆ ಮಾತ್ರ ಮರೆಯದೆ ತಂದಿದ್ದರು.

ನಿಜವಾದ ಓಕ್ ಕೂಡ ಒಮ್ಮೆ ಮಾಮನ ಕೈಗೆ ಸಿಕ್ಕಿತ್ತು. ದುಬೈಯಲ್ಲಿರುವ ನನ್ನ ಅಣ್ಣ ಅಲ್ಲಿಂದ ಒಂದು ಚಂದದ ಟೀಪಾಯಿಯನ್ನು ಬಿಚ್ಚಿ, ಕಟ್ಟಿ, ಹಡಗಿನ ಸಾಮಾನಿನ ಜೊತೆ ಕಳಿಸಿದ್ದ. ಇದು ಅಪ್ಪಟ ಓಕ್ ಮಾಮ, ಇದಕ್ಕೆ ಎಂತ ಹೇಳುತ್ತೀರಿ ಎಂದು ಫೋನಿನಲ್ಲೇ ಕೆಣಕಿದ. ಮಾಮ ಕುಟ್ಟಿದರು. ತಲೆ ಓರೆ ಮಾಡಿದರು. ಈ ಸಲ ಸೋಲುತ್ತಾರೆ ಎಂದು ನಮಗೆಲ್ಲ ಖುಷಿ. "ಒಳ್ಳೆ ಮರವೇ," ಎಂದರು, "ಆದ್ರೆ ಇದಕ್ಕೆ ನಮ್ಮ ಗೆದ್ದಲಿನ ಪರಿಚಯ ಆಗ್ಲಿಲ್ಲ." ಆ ಮಳೆಗಾಲದಲ್ಲೇ ಪರಿಚಯ ಆಯಿತು. ಈಗ ಟೀಪಾಯಿಯ ಒಂದು ಕಾಲಿನ ಜಾಗದಲ್ಲಿ ಕೆಂಪುಕಲ್ಲು ಉಂಟು.

ಇಂಥ ಮಾಮನನ್ನು ನನ್ನ ಮದುವೆಗೆ ಹುಡುಗನ ಮನೆ ನೋಡಲು ಕಳಿಸಿದರು. ಕಳಿಸಿದವರ ಧೈರ್ಯ ಮೆಚ್ಚಬೇಕು! ಮನೆ ಜಾಲ್ಸೂರಿನಲ್ಲಿ, ಹಳೆಯ ಹಂಚಿನ ಮನೆ. ಹೋದವರು ಸಂಜೆ ಬಂದರು. ಮಾಮನ ಮುಖ ಹಬ್ಬದ ದಿನದ ಹಾಗೆ ಇತ್ತು. ಉಮ್ಮ ಬಾಗಿಲಿಗೇ ಓಡಿ ಹೋಗಿ, ಹುಡುಗ ಹೇಗಿದ್ದಾನೆ ಎಂದು ಕೇಳಿದರು.

"ಬೋಗಿ," ಎಂದರು ಮಾಮ.

ಅಲ್ಲ, ಹುಡುಗನಿಗೆ ಕೆಲಸ ಎಂತದು, ಗುಣ ಹೇಗೆ, ತಾಯಿ ಹೇಗೆ, ಎತ್ತರ ಎಷ್ಟು ಎಂದು ಉಮ್ಮ ಕೇಳಿಯೇ ಕೇಳಿದರು. ಅದನ್ನೆಲ್ಲ ಕೇಳಲಿಕ್ಕೆ ಎಂತ ಉಂಟು, ಅಂಥ ದಾರಂದ ಇಟ್ಟ ಮನೆಯಲ್ಲಿ ಕೆಟ್ಟವರು ಹುಟ್ಟುವುದು ಹೇಗೆ ಎಂದು ಮಾಮ ತಿರುಗಿ ಕೇಳಿದರು. ನನ್ನ ಬಾಳು ಹೀಗೆ ಒಂದು ಬಾಗಿಲಿನ ಮೇಲೆ ನಿಶ್ಚಯವಾಯಿತು.

ನಿಶ್ಚಯದ ದಿನ ಗಂಡಿನ ಕಡೆಯವರ ಜೊತೆ ಯಾರೋ ಒಬ್ಬರು ಹಿರಿಯರು ಬಂದಿದ್ದರು. ನೈಚೋರು (ತುಪ್ಪದ ಅನ್ನ), ಕೋಳಿ ಸಾರು ಎಲ್ಲ ಹೊಟ್ಟೆ ತುಂಬ ಉಂಡು, ಕೈ ತೊಳೆದು ಮಾಮನ ಪಕ್ಕ ಬಂದು ಕೂತರು. ನೀವು ನನ್ನ ಮನೆಯ ದಾರಂದವನ್ನು ಭಾರೀ ಹೊಗಳಿದಿರಂತೆ, ಬಹಳ ಸಂತೋಷವಾಯಿತು ಎಂದರು. ನಿಮ್ಮ ಮನೆಯದ್ದಾ ಎಂದು ಮಾಮ ಕೇಳಿದರು. ಹೌದು, ಮನೆ ನನ್ನದು, ಇವರು ಬಾಡಿಗೆಗೆ ಇರುವುದಲ್ಲವಾ ಎಂದರು ಅವರು!

ಬೇರೆ ಯಾರಾದರೂ ಆಗಿದ್ದರೆ ನೆಲಕ್ಕಿಳಿದು ಹೋಗುತ್ತಿದ್ದರು. ಮಾಮ ಸ್ವಲ್ಪ ಹೊತ್ತು ಗಡ್ಡ ಸವರಿಕೊಂಡರು. ಆಮೇಲೆ, ಬಾಡಿಗೆಯಾದರೆ ಎಂತಾಯಿತು, ಹುಡುಗ ಬೋಗಿಯ ಅಡಿಯಲ್ಲೇ ಬೆಳೆದದ್ದಲ್ಲವಾ ಎಂದರು. ಮಾತು ಅಲ್ಲಿಗೆ ಮುಗಿಯಿತು, ಆದರೆ ನನ್ನ ಗಂಡನಿಗೆ ಮುಗಿಯಲಿಲ್ಲ. ನಮ್ಮ ಕಡೆಯ ಹುಡುಗರು ಅವರಿಗೆ 'ಬಾಡಿಗೆ ಬೋಗಿ' ಎಂದು ಹೆಸರಿಟ್ಟರು. ಪ್ರತಿ ಮದುವೆ ಊಟದಲ್ಲೂ ಯಾರಾದರೂ ಒಬ್ಬರು ಅದನ್ನು ಎತ್ತುತ್ತಿದ್ದರು. ನನ್ನ ಗಂಡ ನಗುವುದು ನಗುತ್ತಿದ್ದರು, ಊಟ ಮಾತ್ರ ಅರ್ಧಕ್ಕೇ ಬಿಟ್ಟು ಏಳುತ್ತಿದ್ದರು. ನಮ್ಮದು ಅಂತ ಒಂದು ಮನೆ ಕಟ್ಟಬೇಕು, ಅದರ ಬಾಗಿಲಲ್ಲಿ ನಿನ್ನ ಮಾಮ ನಿಂತು ಒಂದು ಒಳ್ಳೆ ಮಾತು ಹೇಳಬೇಕು ಎಂದು ನನ್ನ ಹತ್ತಿರ ಒಮ್ಮೆ ಹೇಳಿದ್ದರು. ಕಡಬದಲ್ಲಿ ಚಪ್ಪಲಿ ಅಂಗಡಿ ಇಟ್ಟ ಮನುಷ್ಯ. ಇಡೀ ದಿನ ಊರವರ ಕಾಲಿನ ಹತ್ತಿರ ಕೂತುಕೊಳ್ಳುವವರಿಗೆ ಅಷ್ಟು ಆಸೆ ಇದ್ದರೆ ತಪ್ಪೇನು?

ಮನೆಯ ವಿಷಯಕ್ಕೆ ಆಮೇಲೆ ಬರುತ್ತೇನೆ. ಅದಕ್ಕೂ ಮೊದಲು ಬೀಜದ ಉಪದ್ರ ಹೇಳದಿದ್ದರೆ ಮಾಮನ ಕತೆ ಪೂರ್ತಿ ಆಗುವುದಿಲ್ಲ.

ಮಾಮನ ಮನೆ ಆಲಂಕಾರಿನ ಕಡೆ. ಅಲ್ಲಿ ಮಸೀದಿಯ ಹಿಂದಿನ ಕಬರಸ್ಥಾನದ ಮೂಲೆಯಲ್ಲಿ ಒಂದು ಬೋಗಿ ಮರ ಉಳಿದಿದೆ. ಸತ್ತವರ ಜಾಗವೆಂದು ಯಾರೂ ಕೊಡಲಿ ಹಾಕಲಿಲ್ಲ. ಮಳೆಗಾಲದ ಮೊದಲು ಅದರ ಬೀಜ ಉದುರುತ್ತದೆ. ಒಂದೊಂದು ಬೀಜಕ್ಕೂ ಎರಡು ರೆಕ್ಕೆ, ಮೇಲಿನಿಂದ ಗಿರಗಿರ ತಿರುಗುತ್ತ ಇಳಿಯುವುದನ್ನು ನೋಡಬೇಕು. ಚಂದವೇನೋ ಹೌದು. ಆದರೆ ಈ ಬೀಜಕ್ಕೆ ತಾಳ್ಮೆ ಎಂಬುದೇ ಇಲ್ಲ. ಬಿದ್ದು ವಾರ ಕಳೆಯುವುದರೊಳಗೆ ಮಣ್ಣಿಗೆ ಹಾಕದಿದ್ದರೆ ಜೀವ ಹೋಗುತ್ತದೆ. ಆದ್ದರಿಂದ ಆ ದಿನಗಳಲ್ಲಿ ಮಾಮನಿಗೂ ತಾಳ್ಮೆ ಇರುವುದಿಲ್ಲ. ಒದ್ದೆ ಬಟ್ಟೆಯಲ್ಲಿ ಬೀಜ ಕಟ್ಟಿಕೊಂಡು ಬಸ್ಸು ಹತ್ತುತ್ತಾರೆ, ಕಂಡವರ ಕೈಗೆಲ್ಲ ತುರುಕುತ್ತಾರೆ. ಕಂಡಕ್ಟರಿಗೆ ಹಣದ ಜೊತೆ ಬೀಜ. ಮದುವೆಯಲ್ಲಿ ಮದುಮಗನಿಗೆ ಮುಸಾಫ (ಕೈ ಕುಲುಕುವುದು) ಮಾಡುವಾಗ ಕೈಯೊಳಗೆ ಬೀಜ. ಈಗ ಹಾಕು, ನಿನ್ನ ಮೊಮ್ಮಗಳ ಮನೆಯ ದಾರಂದಕ್ಕೆ ಆಗುತ್ತದೆ ಎನ್ನುತ್ತಾರೆ. ಮದುಮಗಳ ಮುಖ ಇನ್ನೂ ಸರಿಯಾಗಿ ನೋಡದ ಹುಡುಗ ಮೊಮ್ಮಗಳ ದಾರಂದದ ಚಿಂತೆ ಮಾಡಬೇಕು!

ಕೊಟ್ಟು ಸುಮ್ಮನಿರುತ್ತಾರಾ? ಮಳೆ ಕಳೆದ ಮೇಲೆ ವಿಚಾರಣೆ ಶುರು. ಮೊಳಕೆ ಬಂತಾ? ಬಂತು ಮಾಮ ಎಂದು ಎಲ್ಲರೂ ಹೇಳುತ್ತಾರೆ, ನಾನೂ ಹೇಳಿದ್ದೇನೆ. ಕೈಚೀಲದ ತಳದಲ್ಲಿ ಒಣಗಿದ ರೆಕ್ಕೆಗಳನ್ನು ಇಟ್ಟುಕೊಂಡೇ ಹೇಳಿದ್ದೇನೆ. ಮುಂದಿನ ವರ್ಷ ಗಿಡ ಮೊಣಕಾಲಿನವರೆಗೆ ಬಂದಿದೆ ಎನ್ನಬೇಕು, ಅದರ ಮುಂದಿನ ವರ್ಷ ಸೊಂಟದವರೆಗೆ. ಹೀಗೆ ಸುಳ್ಳು ಬೆಳೆಯುತ್ತ ಇರುವಾಗ ಒಂದು ದಿನ ಮಾಮ ಗಿಡ ನೋಡಲು ಬಂದೇ ಬಿಡುತ್ತಾರೆ. ಆಗ ಎಲ್ಲರಿಗೂ ಒಂದೇ ಉತ್ತರ, ದನ ತಿಂದಿತು. ಮಾಮನ ಪ್ರಕಾರ ಇಡೀ ತಾಲೂಕಿನ ದನಗಳು ಬೇರೇನೂ ತಿನ್ನುವುದಿಲ್ಲ. ದನವೇ ಇಲ್ಲದ ಪೇಟೆಯ ಮನೆಯವರೂ ದನದ ಮೇಲೆ ಹಾಕಿದಾಗ ಮಾಮ ಒಂದು ಕ್ಷಣ ಅವರ ಮುಖ ನೋಡಿ, ಮುಂದಿನ ಮಳೆಗೆ ಇನ್ನೊಂದು ಕೊಡುತ್ತೇನೆ ಎಂದಿದ್ದರಂತೆ.

ಇತ್ತೀಚೆಗೆ ಮಾತ್ರ ಮಾಮ ಸ್ವಲ್ಪ ಬದಲಾಗಿದ್ದರು. ಸಲಾಂ ಹೇಳಿದರೆ ಉತ್ತರ ತಡವಾಗಿ ಬರುತ್ತಿತ್ತು. ಕೆಲವು ಸಲ ಬರುತ್ತಲೇ ಇರಲಿಲ್ಲ. ಅಣ್ಣನಿಗೆ ಈಗ ಗರ್ವ ಬಂದಿದೆ ಎಂದು ಉಮ್ಮ ಬೇಜಾರು ಮಾಡಿಕೊಂಡರು. ಪುತ್ತೂರಿನಲ್ಲಿ ನಮ್ಮ ನೆಂಟರೊಬ್ಬರು ಹೊಸ ಮನೆಗೆ ಫೈಬರಿನ ಬಾಗಿಲು, ಫೈಬರಿನದ್ದೇ ದಾರಂದ ಇಟ್ಟಿದ್ದರು. ಮಾಮ ಬಂದು ಕುಟ್ಟಿದಾಗ ಆ ಮನೆಯವರು ಕಣ್ಣು ಮುಚ್ಚಿಕೊಂಡರಂತೆ. ಮಾಮ ಅದೇ ರೀತಿ ತಲೆ ಓರೆ ಮಾಡಿ, ಬೀಟೆ ಎಂದರು! ಯಾರಿಗೂ ನಂಬಲಿಕ್ಕಾಗಲಿಲ್ಲ. ವಯಸ್ಸಾಗಿ ಮೆತ್ತಗಾದರು, ಈಗ ಜನರ ಮನಸ್ಸು ನೋಡಿ ಮಾತಾಡುತ್ತಾರೆ ಎಂದು ಎಲ್ಲರೂ ಮೆಚ್ಚಿಕೊಂಡರು. ನನಗೂ ಸಮಾಧಾನವಾಯಿತು. ಯಾಕೆಂದರೆ ಅಷ್ಟು ಹೊತ್ತಿಗೆ ನಮ್ಮ ಮನೆಯ ಕೆಲಸ ಮುಗಿಯುತ್ತ ಬಂದಿತ್ತು, ನಮ್ಮ ದಾರಂದ ಸಿಮೆಂಟಿನದು.

ಹೌದು ಮಾರಾಯ್ರೆ, ಸಿಮೆಂಟು. ಕಂಬಿ ಇಟ್ಟು ಅಚ್ಚಿಗೆ ಹೊಯ್ದು ಮಾರುತ್ತಾರಲ್ಲ, ಅದು. ಮಾಡಿನ ತಾರಸಿಗೆಂದು ಹಣ ತೆಗೆದಿಟ್ಟ ಮೇಲೆ ನಮ್ಮ ಕೈ ಖಾಲಿಯಾಗಿತ್ತು. ಬೋಗಿ ಬಿಡಿ, ಮಲೇಶ್ಯಾದ ಮರಕ್ಕೂ ಸಾಲುತ್ತಿರಲಿಲ್ಲ. ದಾರಂದ ಇಡುವ ದಿನ ನಾವು ಯಾರನ್ನೂ ಕರೆಯಲಿಲ್ಲ. ಮೇಸ್ತ್ರಿ ನಿಲ್ಲಿಸಿ ಹೋದ ಮೇಲೆ ನನ್ನ ಗಂಡ ಅದರ ಎದುರು ನಿಂತು, ಒಂದು ಬದಿ ಮುಟ್ಟಿ ನೋಡಿ, ಅಂಗಡಿಗೆ ಹೋದರು.

ಆಮೇಲೆ ಪುತ್ತೂರಿನಿಂದ ಒಬ್ಬ ಪೇಂಟರನ್ನು ಹುಡುಕಿ ತಂದೆವು. ಸಿಮೆಂಟಿನ ಮೇಲೆ ಮರದ ಗೆರೆ ಬರೆಯುವುದರಲ್ಲಿ ಅವನದು ಎತ್ತಿದ ಕೈ. ಯಾವ ಮರ ಬೇಕು ಎಂದು ಹೋಟೆಲಿನಲ್ಲಿ ತಿಂಡಿ ಕೇಳಿದ ಹಾಗೆ ಕೇಳಿದ. ಬೋಗಿ ಎಂದೆ. ಅದು ನಾನು ನೋಡಲಿಲ್ಲ, ಸಾಗುವಾನಿ ಮಾಡಿ ಕೊಡುವ ಎಂದ. ಗೆರೆ ಎಳೆದ, ನೆರಳು ಕೊಟ್ಟ, ಕೊನೆಗೆ ತನ್ನ ಲೆಕ್ಕದಲ್ಲಿ ಒಂದೆರಡು ಗಂಟು ಕೂಡ ಇಟ್ಟ. ಹತ್ತಿರ ಹೋದರೂ ಮರವೇ. ಕುಟ್ಟಿದರೆ ಮಾತ್ರ ಸಿಮೆಂಟು.

ಮೇ ತಿಂಗಳ ಕೊನೆಗೆ ಒಕ್ಕಲು (ಗೃಹಪ್ರವೇಶ) ಇಟ್ಟುಕೊಂಡೆವು. ಮಸೀದಿಯ ಉಸ್ತಾದರು ಬಂದು ದುಆ (ಪ್ರಾರ್ಥನೆ) ಮಾಡಿದರು. ನೈಚೋರಿನ ಪರಿಮಳ ಹರಡಿತ್ತು. ಗಂಡನ ಕಡೆಯವರು, ನಮ್ಮ ಕಡೆಯವರು, ಜಾಲ್ಸೂರಿನ ಆ ಹಳೆಯ ಮನೆಯ ಯಜಮಾನರು ಸಹ ಬಂದಿದ್ದರು. 'ಬಾಡಿಗೆ ಬೋಗಿ' ಎಂದು ಹೆಸರಿಟ್ಟ ಹುಡುಗರು ಸಿಟೌಟಿನಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದರು. ಮಾಮನಿಗಾಗಿ ಕಾಯುತ್ತಿದ್ದಾರೆ ಎಂದು ನನಗೆ ಗೊತ್ತಿತ್ತು. ನನ್ನ ಗಂಡನಿಗೂ ಗೊತ್ತಿತ್ತು. ಹೊಸ ಬಿಳಿ ಅಂಗಿಯಲ್ಲಿ ಬಾಗಿಲ ಹತ್ತಿರ ನಿಂತಿದ್ದ ಅವರು ಬಂದವರಿಗೆ ಶರಬತ್ತು ಕೊಡುತ್ತ ಗೇಟಿನ ಕಡೆಗೇ ನೋಡುತ್ತಿದ್ದರು.

ಮಾಮ ಬಂದರು. ಬಿಳಿ ಮುಂಡು, ತಲೆಗೆ ಟೊಪ್ಪಿ. ಚಪ್ಪಲಿ ಕಳಚಿದರು, ಮೆಟ್ಟಿಲು ಹತ್ತಿದರು, ನಡುಬೆರಳು ಮಡಚಿದರು. ಸಿಟೌಟಿನ ಹುಡುಗರು ಕುರ್ಚಿ ಮುಂದಕ್ಕೆ ಎಳೆದುಕೊಂಡರು.

ಕುಟ್ಟಿದರು. ತಲೆ ಓರೆ ಮಾಡಿದರು. ಇನ್ನೊಮ್ಮೆ ಕುಟ್ಟಿದರು, ಈ ಸಲ ಜೋರಾಗಿ. ಕಿವಿಯನ್ನು ದಾರಂದಕ್ಕೆ ತಾಗಿಸಿಯೇ ನಿಂತರು. ಮಾಮ ಯಾವತ್ತೂ ಹಾಗೆ ಮಾಡಿದವರಲ್ಲ. ಆಮೇಲೆ ನನ್ನ ಕಡೆ ತಿರುಗಿ ಬೆರಳು ಸನ್ನೆ ಮಾಡಿ ಹತ್ತಿರ ಕರೆದರು. ಸಣ್ಣವಳಿದ್ದಾಗ ಮಿಲ್ಲಿಗೆ ಕರೆದುಕೊಂಡು ಹೋಗಿ, ದಿಮ್ಮಿಯ ಒಂದು ತುದಿಗೆ ನನ್ನ ಕಿವಿ ಇಡಿಸಿ, ಇನ್ನೊಂದು ತುದಿಯಲ್ಲಿ ಅವರು ಕುಟ್ಟಿ, ಇದು ಯಾವುದು ಹೇಳು ಎಂದು ಕೇಳುತ್ತಿದ್ದರು. ಹಾಗೆಯೇ ಕರೆದರು. ನನಗೆ ಮಾತ್ರ ಕೇಳುವ ಹಾಗೆ ಹೇಳಿದರು.

"ನೀನು ಕೇಳು ಮಗಳೇ. ಎಂತ ಹೇಳ್ತದೆ ಅದು? ನಂಗೆ ಈಗ ಮರದ್ದು ಕೇಳುದಿಲ್ಲ."

ಆಗ ನನಗೆ ಎಲ್ಲ ಗೊತ್ತಾಯಿತು. ಉತ್ತರ ಬಾರದ ಸಲಾಂ, ಫೈಬರಿನ ಬೀಟೆ, ಉಮ್ಮನ ಬೇಜಾರು, ಎಲ್ಲ. ಗರ್ವವೂ ಅಲ್ಲ, ಮೆತ್ತಗಾದದ್ದೂ ಅಲ್ಲ. ಕಿವಿ ಹೋಗಿತ್ತು. ಜೀವಮಾನವಿಡೀ ಕುಟ್ಟಿ ಕೇಳಿದ ಮನುಷ್ಯ ಅದನ್ನು ಯಾರಿಗೂ ಹೇಳಿಕೊಳ್ಳಲಾರದೆ ಮನೆ ಮನೆಯಲ್ಲಿ ಸುಮ್ಮನೆ ಕುಟ್ಟುತ್ತ ತಿರುಗಿದ್ದರು. ನನಗೆ ಅಳು ಬಂತು. ಅಷ್ಟು ಜನರ ಎದುರು ಅಳುವಂತಿಲ್ಲ. ಬಾಗಿಲ ಆ ಬದಿಯಲ್ಲಿ ನನ್ನ ಗಂಡ ಶರಬತ್ತಿನ ತಟ್ಟೆ ಹಿಡಿದು ನನ್ನನ್ನೇ ನೋಡುತ್ತಿದ್ದರು.

ನಾನೂ ಬೆರಳು ಮಡಚಿ ಕುಟ್ಟಿದೆ. ಗೋಡೆಗೆ ಕುಟ್ಟಿದ ಹಾಗೆ ಥಪ್ ಎಂದಿತು. ಮಾಮನ ಕಿವಿಗೆ ಬಾಯಿಟ್ಟು, ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. "ಬೋಗಿ, ಮಾಮ."

ಮಾಮ ನನ್ನ ಮುಖ ನೋಡಿದರು. ಅತ್ತ ತಟ್ಟೆ ಹಿಡಿದು ನಿಂತವರ ಮುಖ ನೋಡಿದರು. ಆಮೇಲೆ ಅಂಗೈಯನ್ನು ದಾರಂದದ ಮೇಲೆ ಇಟ್ಟರು. ಇಟ್ಟು ಹಾಗೇ ತುಂಬ ಹೊತ್ತು ನಿಂತರು. ಸಿಮೆಂಟು ತಣ್ಣಗಿರುತ್ತದೆ ಎಂದು ನನಗೆ ಆಗ ನೆನಪಾಯಿತು, ಆದರೆ ಹೇಳಿ ಆಗಿತ್ತು.

ಮಾಮ ನೆಟ್ಟಗೆ ನಿಂತು, ಸಿಟೌಟಿನ ಕಡೆ ತಿರುಗಿ, ಮಿಲ್ಲಿನ ಸದ್ದಿನ ನಡುವೆ ಮಾತಾಡುತ್ತಿದ್ದ ಅದೇ ಜೋರು ದನಿಯಲ್ಲಿ ಹೇಳಿದರು. "ಬೋಗಿಯೇ. ಈಗ ಇಂಥದ್ದು ಸಿಕ್ಕುದಿಲ್ಲ. ನಮ್ಮ ಅಳಿಯ ಎಲ್ಲಿಂದ ತಂದ್ನೋ."

ಜಾಲ್ಸೂರಿನ ಹಿರಿಯರು ಎದ್ದು ಬಂದು ನನ್ನ ಗಂಡನ ಬೆನ್ನು ತಟ್ಟಿದರು. ಹೆಸರಿಟ್ಟ ಹುಡುಗರಲ್ಲಿ ಒಬ್ಬ ದಾರಂದ ಮುಟ್ಟಲು ಹೊರಟ. ಪೇಂಟ್ ಹಸಿ ಉಂಟು ಮುಟ್ಟಬೇಡ ಎಂದು ಮಾಮ ಅವನ ಕೈ ಹಿಡಿದು ಊಟಕ್ಕೆ ಎಳೆದುಕೊಂಡು ಹೋದರು. ಪೇಂಟ್ ಒಣಗಿ ವಾರವಾಗಿತ್ತು. ಅಂದು ನನ್ನ ಗಂಡ ಎಲ್ಲರ ಜೊತೆ ಕೂತು ಹೊಟ್ಟೆ ತುಂಬ ಊಟ ಮಾಡಿದರು, ಎರಡನೇ ಸಲ ಹಾಕಿಸಿಕೊಂಡರು ಕೂಡ.

ಹೊರಡುವಾಗ ಮಾಮ ನನ್ನನ್ನು ಹಿತ್ತಿಲಿಗೆ ಕರೆದರು. ಮುಂಡಿನ ಮಡಿಕೆಯಿಂದ ಒದ್ದೆ ಬಟ್ಟೆಯ ಗಂಟು ತೆಗೆದು ನನ್ನ ಕೈಯಲ್ಲಿಟ್ಟರು. ಬಿಚ್ಚಿದೆ. ರೆಕ್ಕೆಯ ಬೀಜಗಳು.

"ಮನೆಯಿಂದ ಸ್ವಲ್ಪ ದೂರ ಹಾಕು," ಎಂದರು. "ಈ ಸಲ ದನದ ಮೇಲೆ ಹಾಕ್ಬೇಡ. ಸಿಮೆಂಟಿಗೂ ವಯಸ್ಸಾಗ್ತದೆ ಮಗಳೇ."

ಅಷ್ಟು ಹೇಳಿ, ನನ್ನ ತಲೆ ಸವರಿ, ಬಸ್ಸಿಗೆ ಹೊತ್ತಾಯಿತೆಂದು ಹೊರಟೇ ಹೋದರು. ನಾನು ಒಕ್ಕಲಿನ ಹೊಸ ಬಟ್ಟೆಯಲ್ಲೇ ಹಿತ್ತಿಲಲ್ಲಿ ಕೂತು ಮಣ್ಣು ಕೆದಕಿ ಬೀಜ ಹಾಕಿದೆ. ಎಂತ ಹುಡುಕುತ್ತಿದ್ದೀ ಎಂದು ಅತ್ತೆಮ್ಮ ಒಳಗಿನಿಂದ ಕೇಳಿದರು. ಮಣ್ಣು ಮುಚ್ಚಿ, ಕೈ ಕೊಡವಿಕೊಂಡು ಎದ್ದೆ.

ಮಳೆ ಬಿಟ್ಟ ಮೇಲೆ ಮಾಮ ಪುನಃ ಬಂದರು. ಈ ಸಲ ದಾರಂದಕ್ಕೆ ಸಲಾಂ ಇಲ್ಲ, ನೇರ ಹಿತ್ತಿಲಿಗೆ. ಮೊಳಕೆ ಬಂತಾ ಎಂದು ಕೇಳಿದರು. ಬಂತು ಎಂದರೆ ಕೇಳುವುದಿಲ್ಲವಲ್ಲ, ಕೈ ಹಿಡಿದು ಕರೆದುಕೊಂಡು ಹೋಗಿ ತೋರಿಸಿದೆ. ನಾಲ್ಕೆಲೆಯ ಗಿಡ, ಸುತ್ತ ನನ್ನ ಗಂಡ ಹಾಕಿದ ಬಿದಿರಿನ ಬೇಲಿ. ಮಾಮ ಕಷ್ಟಪಟ್ಟು ಕುಕ್ಕರಗಾಲಲ್ಲಿ ಕೂತರು. ಅಭ್ಯಾಸಬಲ ನೋಡಿ, ನಡುಬೆರಳು ಮಡಚಿದರು. ಬೆರಳು ಗಿಡದ ಹತ್ತಿರ ಹೋಗಿ ಅಲ್ಲೇ ನಿಂತಿತು.

"ಬೇಡ," ಎಂದು ಕೈ ಹಿಂದೆ ತೆಗೆದುಕೊಂಡರು. "ಇನ್ನೂ ಸಣ್ಣದು. ಮಾತು ಬರ್ಲಿಕ್ಕೆ ಸಮಯ ಉಂಟು. ಆವಾಗ ನೀನು ಕೇಳು."